ನಲವತ್ತನೆಯ ಎದೆ

ಅವಳು ಬದುಕಿದ್ದರೆ ಸಾಕು, ಬದುಕಿದ್ದು ಕವಾಟವೂ ಸೋರದಿದ್ದರೆ ತಾನು ಗೆದ್ದಂತೆ ಎಂದುಕೊಳ್ಳುತ್ತ ಡಾಕ್ಟರ್ ಮುನೇಶ್ ಶಿಡ್ಲಘಟ್ಟದ ಕಿರಿದಾದ ಬೀದಿಯೊಂದರಲ್ಲಿ ಕಾರು ನಿಲ್ಲಿಸಿದ.

ಐದು ವರ್ಷದ ಕೆಳಗೆ, 2003ರಲ್ಲಿ, ಹೃದಯದ ಕವಾಟ ಸುಣ್ಣಗಟ್ಟಿ ಕಲ್ಲಾಗಿದ್ದ ನಲವತ್ತು ಮಂದಿಗೆ ಅವನು ಹೊಸ ಕವಾಟ ಹೊಲಿದಿದ್ದ. ಅರ್ಧ ಜನಕ್ಕೆ ಲೋಹದ್ದು, ಉಳಿದವರಿಗೆ ಪ್ರಾಣಿಯ ಅಂಗಾಂಶದ್ದು. ಲೋಹದ್ದು ಸವೆಯುವುದಿಲ್ಲ, ಆದರೆ ಬದುಕಿರುವಷ್ಟು ಕಾಲ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ಮತ್ತೆ ಮತ್ತೆ ರಕ್ತಪರೀಕ್ಷೆಗೆ ಅಲೆಯಬೇಕು. ಅಂಗಾಂಶದ್ದಕ್ಕೆ ಆ ಕಾಟವಿಲ್ಲ. ಇಂಥ ಕಲ್ಲೆದೆಗಳಲ್ಲಿ ಅದು ಐದು ವರ್ಷವೂ ಬಾಳದು ಎಂದು ಹಿರಿಯ ಸರ್ಜನ್ ಚೆನ್ನರಾಯಪ್ಪ ತುಂಬಿದ ಸಭೆಯಲ್ಲಿ ನಕ್ಕಿದ್ದರು.

ಐದು ವರ್ಷಕ್ಕೆ ಎರಡೂ ಒಂದೇ ಸಮ ಬಾಳುತ್ತವೆ ಎಂದಿದ್ದ ಮುನೇಶನ ಮಾತನ್ನು ಮೂವತ್ತೊಂಬತ್ತು ಮಂದಿ ಉಳಿಸಿದ್ದರು. ಅಂಗಾಂಶದ ಕವಾಟದ ಗಂಗುಲಮ್ಮನ ಪತ್ತೆ ಮಾತ್ರ ಎರಡು ವರ್ಷದಿಂದ ಇರಲಿಲ್ಲ. ಬರೆದ ಕಾಗದಗಳು ವಾಪಸಾಗಿದ್ದವು.

ವಿಚಾರಿಸುತ್ತ ಹೋದಾಗ ನೂರುಲ್ಲಾ ಎಂಬವರ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ, ಹಬೆಯ ನಡುವೆ, ಅರವತ್ತೆಂಟರ ಹೆಂಗಸು ಚುರುಕಾಗಿ ಕೆಲಸ ಮಾಡುತ್ತಿದ್ದಳು.

"ಯಾರಪ್ಪಾ ನೀವು?"

"ನಿಮ್ಗೆ ಆಪರೇಷನ್ ಮಾಡಿದೋನು."

"ಔದಾ. ನಿಮ್ ಮುಖ ನೋಡಿರ್ಲಿಲ್ಲ."

ಪರೀಕ್ಷೆಗೆ ಯಾಕೆ ಬರಲಿಲ್ಲವೆಂದು ಕೇಳಿದ.

"ಬಾಧೆ ಇದ್ರೆ ತಾನೆ ಬರೋದು?"

ನೂರುಲ್ಲಾರ ಒಪ್ಪಿಗೆ ಪಡೆದು ಅವಳನ್ನು ಊರಿನ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದ. ಪರದೆಯ ಮೇಲೆ ಕವಾಟದ ಮೂರು ತೆಳು ಎಸಳುಗಳು ನಿನ್ನೆ ಹೊಲಿದಂತೆ ತೆರೆದು ಮುಚ್ಚುತ್ತಿದ್ದವು. ಒಂದು ತೊಟ್ಟೂ ಸೋರಿಕೆಯಿಲ್ಲ. ಮುನೇಶನ ಕಣ್ಣು ತೇವವಾಯಿತು. ಇಂಥ ಸುಖ ಅವನ ಬಾಳಿನಲ್ಲಿ ಬೇರೊಂದಿರಲಿಲ್ಲ.

ಹಿಂದಿರುಗುವ ದಾರಿಯುದ್ದಕ್ಕೂ ಅವಳು ತೀರಿಹೋದ ತಂಗಿಯ ವಿಷಯ ಹೇಳುತ್ತಿದ್ದಳು. ಅವನು ಮುಂಬರುವ ವೈದ್ಯರ ಸಮ್ಮೇಳನದ ಭಾಷಣದ ಮೊದಲ ವಾಕ್ಯ ಹೊಂದಿಸುತ್ತಿದ್ದ. ತಡೆಯಲಾಗದೆ ಕಾರು ಬದಿಗೆ ನಿಲ್ಲಿಸಿ ಚೆನ್ನರಾಯಪ್ಪನವರಿಗೆ ಫೋನು ಮಾಡಿದ.

"ಒಪ್ಕೊಂಡೆ ಕಣಯ್ಯ," ಅಂದರು. "ನಮ್ ಕಡೆ ವಯಸ್ಸಾದೋರಿಗೆ ಇನ್ಮೇಲೆ ಅದನ್ನೇ ಹಾಕಣ."

ಗೆದ್ದಾಗಿತ್ತು. ಇನ್ನು ಯಾರಿಗೆ ಹೇಳುವುದು ಎಂದು ಯೋಚಿಸಿ ಹೆಂಡತಿ ಜ್ಯೋತಿಲಕ್ಷ್ಮಿಗೆ ಮಾಡಿದ.

"ಬದುಕಿದಾಳೆ."

"ಯಾರು?"

"ನಲವತ್ತನೆಯೋಳು."

"ಹೆಸರಿಲ್ವಾ ಅವ್ಳಿಗೆ?"

ಹೆಸರು ನಾಲಿಗೆಗೆ ಬರಲಿಲ್ಲ. ಫೈಲು ಹಿಂದಿನ ಸೀಟಿನಲ್ಲಿತ್ತು. ಅದರ ಪಕ್ಕದಲ್ಲೇ ಅವಳು ಕುಳಿತಿದ್ದಳು.

"ಸಂಜೆ ಮನೆಗ್ ಬರ್ತೀರಾ?"

"ನೋಡ್ತೀನಿ."

ಘಟಕ ತಲುಪಿದೊಡನೆ ಅವಳು ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತಳು. ಅವನು ಬಾಗಿಲಲ್ಲೇ ನಿಂತ. ಯಾರೂ ತಲೆಯೆತ್ತಲಿಲ್ಲ. ನೀರಲ್ಲಿ ಕುಣಿಯುತ್ತಿದ್ದ ಒಂದು ರೇಷ್ಮೆಗೂಡಿನಿಂದ ಎಳೆ ಮಿಂಚುತ್ತ ಮೇಲೇರಿ ರಾಟೆ ಸೇರುತ್ತಿತ್ತು. ಗೂಡು ತೆಳುವಾಯಿತು, ಗಾಜಾಯಿತು. ಒಳಗೆ ಮುದುಡಿಕೊಂಡಿದ್ದ ಕಂದು ಹುಳು ಕಾಣಿಸಿತು. ಕೊನೆಯ ಎಳೆಯೂ ಬಿಟ್ಟುಹೋದಾಗ ಅದು ಮೆಲ್ಲಗೆ ತಳಕ್ಕಿಳಿಯಿತು. ಅವಳು ನೋಡದೆಯೇ ಇನ್ನೊಂದು ಗೂಡಿನ ಎಳೆ ಹುಡುಕಿದಳು.