ಕೋಟೆಯ ಕಾವಲುಗಾರ

ಅಣ್ಣನೂ ನಾನೂ ಮಾತು ಬಿಟ್ಟು ವರ್ಷವಾಯಿತು. ಅವನು ಪಕ್ಕದ ಕೋಣೆಯಲ್ಲಿ. ಇಬ್ಬರೂ ಆಡುತ್ತಿದ್ದ ಕಂಪ್ಯೂಟರ್ ಆಟ, ಅದಕ್ಕೆ ಅವನು ಸೇರಿಸಿದ, ಆಟವನ್ನು ಬದಲಿಸುವ ಇನ್ನೂರು ಮಾಡ್‌ಗಳ ಸಮೇತ, ನನ್ನ ಪಾಲಿಗೆ ಬಂತು. ಅವನ್ನೆಲ್ಲ ನಡೆಸುವ ಹಳೆಯ ಮ್ಯಾನೇಜರ್ ತಂತ್ರಾಂಶ ಮಾತ್ರ ಆಮೆ.

"ಹೊಸದು ಹಾಕ್ಕೋ, ಎಲ್ಲಾ ತಾನೇ ಜೋಡಿಸುತ್ತೆ," ಅಂದಳು ಗೆಳತಿ.

ಹಾಕಿದೆ. ಎಲ್ಲವನ್ನೂ ಕ್ಷಣದಲ್ಲಿ ಜೋಡಿಸಿ, ಒಂದಕ್ಕೆ ಮಾತ್ರ ಕೆಂಪು ಗುರುತು ಹಾಕಿತು: 'ಮೂಲ ತಿಳಿಯದು, ಅಳಿಸಲೇ?'

ಅದು ಅಣ್ಣನೇ ಬರೆದದ್ದು. ಅದಿದ್ದರೆ ಆಟದಲ್ಲಿ ಕೋಟೆಗೆ ಕಾಲಿಟ್ಟಾಗಲೆಲ್ಲ ಕಾವಲುಗಾರ ಅವನ ದನಿಯಲ್ಲಿ ನನ್ನನ್ನು ಮಾತಾಡಿಸುತ್ತಾನೆ.

ಹೊಸದನ್ನು ಕಿತ್ತೆಸೆದು, ಹಳೆಯದನ್ನೇ ಹಾಕಿ, ಅದು ತೆವಳಿಕೊಂಡು ಬರುವವರೆಗೂ ಕಾದು ಕೋಟೆಯೊಳಗೆ ಹೋದೆ.

"ಬಂದ್ಯೇನೇ ಪುಟ್ಟಿ? ಎಷ್ಟೊತ್ತೇ!" ಎಂದ ಕಾವಲುಗಾರ.

"ಮ್ಯಾನೇಜರ್ ನಿಧಾನ ಕಣೋ," ಎಂದೆ, ಗೋಡೆಯಾಚೆಗೂ ಕೇಳುವಷ್ಟು ಜೋರಾಗಿ.

ಆಚೆ ಕುರ್ಚಿ ಕಿರ್ರೆಂದಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಕೋಟೆಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದೆ.

"ಬಂದ್ಯೇನೇ ಪುಟ್ಟಿ?"