ವೈಜನಾಥ ಕಾಕಾನ ಪ್ಯಾಡುಗಳು

ವಿಜಯಕುಮಾರನ ದಿನಕರ್ಮ ಮುಗಿಸಿ ನೆಂಟರೆಲ್ಲ ಹಿಂದಿನ ಸಂಜೆ ಕಾಚಿಗೂಡದಲ್ಲಿ ರೈಲು ಹತ್ತಿದ್ದರು. ಮುಂಜಾನೆ ಹಾಲು ಬಂತು, ನಲ್ಲಿಯಲ್ಲಿ ನೀರು ಬಂತು, ಕೆಳಗಿನ ಮನೆಯಾಕೆ ತೆಲುಗಿನಲ್ಲಿ ಮಗನನ್ನು ಬೈದಳು. ಕಾವ್ಯಾ ಚಹಾಕ್ಕೆ ನೀರಿಟ್ಟಳು, ಒಲೆ ಆರಿಸಿದಳು, ಮತ್ತೆ ಇಟ್ಟಳು. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುತ್ತಿರಲಿಲ್ಲ.

ಬಾಗಿಲಲ್ಲಿ ದೀಪಕ ಬಂದು ನಿಂತ. ಅವಳ ಗಂಡ ವಿಜಯಕುಮಾರ ಕಾರ್ಖಾನೆಯ ಹಾಕಿ ತಂಡದ ನಾಯಕನೂ ಗೋಲ್‌ಕೀಪರನೂ ಆಗಿದ್ದ; ದೀಪಕ ಅದರ ಮುಂಚೂಣಿಯ ಆಟಗಾರ. ಅವನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಮೀಸೆ ಚಿಗುರುವ ವಯಸ್ಸಿನವರೇ.

“ವೈನಿ, ಅಣ್ಣನ ಪ್ಯಾಡ್ ಬೇಕಾಗಿದ್ವು. ಆದಿತ್ಯವಾರ ಫೈನಲ್ ಐತಿ. ಹೊಸಾ ಕೀಪರ್‌ಗೆ ಅವನ್ನ ಕಟ್ಟಿ, ಅಣ್ಣನ ಹೆಸರಿಲೆ ಗೆಲ್ಲೋಣಂತ.”

“ಪ್ರಾಕ್ಟೀಸ್ ಹೆಂಗ ನಡದೈತಿ?”

“ಅಣ್ಣ ಹೋದ ಮ್ಯಾಲೆ ಯಾರಿಗೂ ಮನಸಿಲ್ರಿ. ಹಂಗೂ ನಮಗ ಪ್ರಾಕ್ಟೀಸ್ ಭಾಳ ಬೇಕಾಗಂಗಿಲ್ಲ ಬಿಡ್ರಿ.”

ಊಟಕ್ಕೆ ಕೂತಾಗಲೆಲ್ಲ ವಿಜಯಕುಮಾರ ಇದನ್ನೇ ಗೊಣಗುತ್ತಿದ್ದ. ಹುಡುಗರ ಸ್ಟಿಕ್ಕಿಗೆ ಚೆಂಡು ಅಂಟಿಕೊಂಡಂತಿರುತ್ತದೆ. ಅದು ಕೈತಪ್ಪಿದರೆ ಹಿಂದಕ್ಕೆ ಓಡಿ ಬರುವವರು ಒಬ್ಬರೂ ಇಲ್ಲ. ಎಲ್ಲರಿಗೂ ಗೋಲು ಹೊಡೆಯುವ ಚಪಲ. ಅವನು ಆಟದುದ್ದಕ್ಕೂ ಗೋಲಿನ ಬಾಯಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗಿ ಕರೆಯುತ್ತಿದ್ದ. ಮನೆಗೆ ಬಂದಾಗ ದನಿಯೇ ಹೊರಡುತ್ತಿರಲಿಲ್ಲ. ಇನ್ನು ಕೂಗುವವರಿಲ್ಲ. ಅವನು ಕಟ್ಟಿದ ತಂಡ ಆದಿತ್ಯವಾರ ಸೋತು ದಿಕ್ಕಾಪಾಲಾಗುತ್ತದೆ ಎನಿಸಿತು ಕಾವ್ಯಾಳಿಗೆ. ಒಳಗೆ ಹೋಗಿ ಪ್ಯಾಡುಗಳನ್ನು ಎತ್ತಿಕೊಂಡು ಬಂದಳು.

“ಆ ಪ್ಯಾಡ್ ಅವರವಲ್ಲ. ವೈಜನಾಥ ಕಾಕಾನ ಕಡೆ ಇಸ್ಕೊಂಡಿದ್ರು. ಗಾಡಿ ತಗಿ, ಕೊಟ್ಟು ಬರೋಣು.”

ದೀಪಕನ ಮುಖ ಇಳಿಯಿತು. ಹಳೆಯ ಗೋಲ್‌ಕೀಪರ್ ವೈಜನಾಥ ನಿವೃತ್ತನಾದ ಮೇಲೂ ಮೈದಾನಕ್ಕೆ ಬಂದು ಹುಡುಗರ ಬೆವರಿಳಿಸುತ್ತಿದ್ದ. “ಏ ಮುದುಕಪ್ಪಾ, ಮೊದಲ ನೀ ಓಡಿ ತೋರ್ಸು” ಎಂದು ಎಲ್ಲರೆದುರು ನಗಾಡಿ, ಅವನು ಮತ್ತೆ ಅತ್ತ ತಲೆ ಹಾಕದಂತೆ ಮಾಡಿದವನು ಇದೇ ದೀಪಕ.

ತಾರ್ನಾಕದ ತನ್ನ ಮನೆಯಲ್ಲಿ ವೈಜನಾಥ ಪ್ಯಾಡುಗಳನ್ನು ಮುಟ್ಟಲಿಲ್ಲ.

“ಬ್ಯಾಡ ತಂಗಿ. ಅವನ ನೆನಪಿಗೆ ಮನ್ಯಾಗ ಇರ್ಲಿ.”

“ನೆನಪಿಗೆ ಮನಿ ತುಂಬ ಸಾಮಾನು ಬಿದ್ದಾವ್ರಿ ಕಾಕಾ. ಇವು ಗ್ರೌಂಡಿನ್ಯಾಗ ಇರಬೇಕು. ನಿಮ್ಮ ಜೋಡಿ.”

“ನಾ ಮುದುಕ. ಈ ಹುಡುಗನ್ನ ಕೇಳು.”

“ತಪ್ಪಾತ್ರಿ ಉಸ್ತಾದ್,” ಎಂದ ದೀಪಕ.

“ಅದು ಆಮ್ಯಾಲೆ. ನಿನ್ನೆ ಎಷ್ಟು ಓಡಿದ್ರಿ?”

“ಓಡಿಲ್ರಿ.”

“ಮೊನ್ನೆ?”

“ಮೊನ್ನೇನೂ ಇಲ್ರಿ.”

“ಅರೆ ನಾಲಾಯಕ್! ಆಂವ ಹೋದಾ ಅಂತ ಸೂಟಿ ಮಾಡೀರೇನು?” ವೈಜನಾಥನ ದನಿಗೆ ಓಣಿಯ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು. “ಎಲ್ಲಾರಿಗೂ ಫೋನ್ ಹಚ್ಚು. ಇವತ್ತ ಸಂಜಿಕೆ. ಒಬ್ಬನ ಕೈಯಾಗೂ ಸ್ಟಿಕ್ ಕಾಣಬಾರ್ದು, ಬರೇ ಓಟ.”

“ಗೆಲ್ತೀವೇನ್ರಿ?”

“ಓಡಿದ ಮ್ಯಾಲೆ ಕೇಳು.”

ದೀಪಕ ಫೋನು ಹಿಡಿದು ಹೊರಗೆ ಹೋದ. ಕಾವ್ಯಾ ಪ್ಯಾಡುಗಳನ್ನು ನೆಲಕ್ಕಿಡದೆ ವೈಜನಾಥನ ಕೈಗೇ ಕೊಟ್ಟಳು. ಅವನು ರೂಢಿಯಂತೆ ಒಂದೊಂದೇ ಪಟ್ಟಿ ಜಗ್ಗಿ ನೋಡುತ್ತ ಬಂದು, ಹೊಳೆಯುವ ಒಂದು ಕೊಂಡಿಯ ಹತ್ತಿರ ಕೈ ನಿಲ್ಲಿಸಿದ.

“ಹಳೇದು ಮುರದಿತ್ರಿ,” ಎಂದಳು. “ಅವ್ರು ಹೊಸಾದು ಹಾಕಿಸ್ಯಾರ.”