ಕುಡಿಯದ ಹನುಮವ್ವನಿಗೆ ಲಿವರ್ ಪರೀಕ್ಷೆ

ಮೂಡಲಪಾಳ್ಯದಲ್ಲಿ ಹನುಮವ್ವನ ರೊಟ್ಟಿ ಖಾನಾವಳಿ ಎಂದರೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುವ ಕೈ ಅದು. ಅಂಗಡಿಯವನು ಎಷ್ಟೇ ಆಣೆ ಮಾಡಲಿ, ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡದೆ ಒಂದು ಕಿಲೋ ಜೋಳವನ್ನೂ ಆಕೆ ಕೊಂಡವಳಲ್ಲ. ಯಾರನ್ನೂ ಸುಮ್ಮನೆ ನಂಬುವ ಪೈಕಿ ಅಲ್ಲ ಬಿಡಿ.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ ತನ್ನ ರೊಟ್ಟಿ ತನಗೇ ಬೇಡ. ಒಲೆ ಮುಂದೆ ಸಕ್ಕರೆ ಹಾಕಿದ ಚಹಾ ದಿನಕ್ಕೆ ಹತ್ತು ಸಲ, ಗಿರಾಕಿಗಳೆಲ್ಲ ಹೋದ ಮೇಲೆ ಉಳಿದ ಅನ್ನ, ಉಳಿದ ಮಿರ್ಚಿ ಭಜಿ. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ಹೊಟ್ಟೆ ಉಬ್ಬರ, ತೇಗು, ಬಲಪಕ್ಕೆಯಲ್ಲಿ ಭಾರ. ಅದಕ್ಕೆ ಗ್ಯಾಸ್ ಎಂದು ತಾನೇ ಹೆಸರಿಟ್ಟು, ಬಸ್ ಸ್ಟಾಪಿನ ಹತ್ತಿರ ಕೊಂಡ ಚೂರ್ಣವನ್ನು ದಿನಾ ಎರಡು ಚಮಚ ನುಂಗುತ್ತಿದ್ದಳು.

ಪಕ್ಕದ ಪೋರ್ಷನ್ನಿನ ಮಾಲವಿಕಾ ದೊಡ್ಡ ಆಸ್ಪತ್ರೆಯೊಂದರ ಸಂಶೋಧನಾ ತಂಡದಲ್ಲಿ ಕೆಲಸ ಮಾಡುವವಳು. ಒಂದು ಮಧ್ಯಾಹ್ನ ಕಾಗದ ಹಿಡಿದು ಬಂದಳು.

"ಆಂಟಿ, ಫ್ಯಾಟಿ ಲಿವರ್ ಅಂತ, ಲಿವರ್‌ನಲ್ಲಿ ಕೊಬ್ಬು ತುಂಬ್ಕೊಳ್ಳೋ ಕಾಯಿಲೆ. ಅದರ ಮೇಲೆ ನಮ್ಮಲ್ಲಿ ಅಧ್ಯಯನ ನಡೀತಾ ಇದೆ. ನಿಮಗೆ ಶುಗರ್ ಇದೆಯಲ್ಲ, ಒಂದ್ಸಲ ಬಂದು ನೋಡಿಸ್ಕೊಳ್ಳಿ."

ಲಿವರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹನುಮವ್ವ ಹುಬ್ಬು ಗಂಟಿಕ್ಕಿದಳು. ಆಕೆಯ ಗಂಡ ಕುಡಿದು ಕುಡಿದು ಲಿವರ್ ಕೆಡಿಸಿಕೊಂಡೇ ಸತ್ತಿದ್ದ. ಆ ಹೆಸರು ತನಗೂ ಅಂಟಿದರೆ ಓಣಿಯವರು ಏನಂದಾರು?

"ಕುಡದಾಂವ ಅಂವಾ, ಪರೀಕ್ಷಾ ನನಗ? ಒಂದು ಹನಿ ಮುಟ್ಟಿದಾಕಿ ಅಲ್ಲ ನಾ."

"ಕುಡೀದೇ ಇರೋರಿಗೂ ಬರುತ್ತೆ ಆಂಟಿ. ಶುಗರ್ ಇರೋರಿಗೆ, ಹೊಟ್ಟೆ ಬೊಜ್ಜು ಇರೋರಿಗೆ ಜಾಸ್ತಿ. ಎಷ್ಟೋ ಜನಕ್ಕೆ ಬಂದಿರೋದೇ ಗೊತ್ತಾಗಲ್ಲ."

"ಹಂಗಂತ ಪುಕ್ಕಟೆ ನೋಡ್ತೀರೇನು? ನಿಮಗೇನು ಲಾಭ? ನಮ್ಮ ರಕ್ತ ಒಯ್ದು ಏನು ಮಾಡ್ತೀರಿ? ಹೊಸಾ ಔಷಧ ನಮ್ಮ ಮ್ಯಾಲೆ ಹಾಕಿ ನೋಡ್ತೀರೇನು? ಏನಾರ ಆದ್ರ ಯಾರನ್ನ ಹುಡುಕ್ಲಿ?"

ಮಾಲವಿಕಾಗೆ ಬೇಜಾರಾಗಲಿಲ್ಲ. "ಕೇಳ್ಬೇಕಾದ್ದನ್ನೇ ಕೇಳಿದ್ರಿ. ಈ ಅಧ್ಯಯನದಲ್ಲಿ ಔಷಧ ಕೊಡಲ್ಲ, ರಕ್ತ ಪರೀಕ್ಷೆ, ಸ್ಕ್ಯಾನ್ ಅಷ್ಟೇ. ಎಷ್ಟು ರಕ್ತ, ಯಾಕೆ, ಯಾರು ಜವಾಬ್ದಾರಿ, ಎಲ್ಲಾ ಈ ಕಾಗದದಲ್ಲಿದೆ. ಬೇಡ ಅನ್ಸಿದ್ರೆ ಮಧ್ಯದಲ್ಲೇ ಬಿಡಬಹುದು, ನಿಮ್ಮ ಚಿಕಿತ್ಸೆಗೇನೂ ತೊಂದ್ರೆ ಇಲ್ಲ. ಇವತ್ತೇ ಸೈನ್ ಹಾಕ್ಬೇಡಿ. ಮಗಳು ಕಲಾವತಿ ಹತ್ರ ಓದಿಸ್ಕೊಂಡು ಕೇಳಿ."

ಅತಿ ವಿನಯ ಧೂರ್ತ ಲಕ್ಷಣ ಎಂದು ಹನುಮವ್ವನ ಗುಮಾನಿ ಇನ್ನಷ್ಟು ಹೆಚ್ಚಿತು. ಸಂಜೆ ಮಗಳು ಕಲಾವತಿ ಕಾಗದ ಓದುವಾಗ ತಾಯಿ ಸಾಲು ಸಾಲಿಗೂ ತಡೆದು ಕೇಳಿದಳು.

"ಮಾಡೋರ ಹೆಸರು ಐತೇನು? ವಿಳಾಸ? ಡಾಕ್ಟರ್ ಫೋನ್ ನಂಬರ್?"

ಎಲ್ಲವೂ ಇತ್ತು. ಆದರೂ ಸಮಾಧಾನವಿಲ್ಲ. ಗೊಣಗುತ್ತಲೇ ಚೂರ್ಣದ ಡಬ್ಬಿ ತೆಗೆದು ಚಮಚ ಬಾಯಿಯ ಹತ್ತಿರ ತಂದವಳು ಹಾಗೇ ನಿಂತುಬಿಟ್ಟಳು.

"ಕಲಾ, ಇದರ ಮ್ಯಾಲೆ ಏನ್ ಬರದೈತಿ ನೋಡು."

ಕಲಾವತಿ ಡಬ್ಬಿಯನ್ನು ಎಲ್ಲ ಕಡೆ ತಿರುಗಿಸಿದಳು. "ಏನೂ ಇಲ್ಲವ್ವ. ಯಾರು ಮಾಡ್ಯಾರ, ಒಳಗ ಏನು ಹಾಕ್ಯಾರ, ಒಂದಕ್ಷರ ಇಲ್ಲ."

ಹನುಮವ್ವನಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಜೋಳದ ಕಾಳು ಕಡಿದು ನೋಡುವವಳು ವರ್ಷವಿಡೀ ಹೆಸರಿಲ್ಲದ ಪುಡಿಯನ್ನು ಕಣ್ಣು ಮುಚ್ಚಿ ನುಂಗಿದ್ದಳು. ಆ ಪುಡಿ ಮಾರಿದವನನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ.

ಮರುದಿನ ಡಬ್ಬಿ ಸಮೇತ ಆಸ್ಪತ್ರೆಗೆ ಹೋದಳು. ಸಹಿ ಹಾಕುವ ಮುಂಚೆ ಡಾಕ್ಟರ್ ಉದಯಕುಮಾರ್ ಅವರನ್ನೂ ಅದೇ ಪ್ರಶ್ನೆಗಳಿಂದ ಜಾಲಾಡಿದಳು. ಪರೀಕ್ಷೆಯೆಲ್ಲ ಮುಗಿದ ಮೇಲೆ ಅವರು ಹೇಳಿದರು:

"ಲಿವರ್‌ನಲ್ಲಿ ಕೊಬ್ಬು ತುಂಬಿದೆ, ಆದ್ರೆ ಲಿವರ್ ಇನ್ನೂ ಗಟ್ಟಿಯಾಗಿಲ್ಲ. ಸರಿಯಾದ ಟೈಮಿಗೆ ಬಂದ್ರಿ ಅಮ್ಮ. ಮೊದಲು ಈ ಪುಡಿ ನಿಲ್ಲಿಸಿ, ಒಳಗೇನಿದೆ ಅಂತ ಗೊತ್ತಿಲ್ಲದ ಔಷಧಿ ಲಿವರ್‌ಗೇ ಪೆಟ್ಟು ಕೊಡಬಹುದು. ಶುಗರ್ ಮಾತ್ರೆ ಬಿಡಬೇಡಿ. ಸಿಹಿ, ಕರಿದಿದ್ದು ಕಡಿಮೆ ಮಾಡಿ, ದಿನಾ ನಡೀರಿ. ನಿಮ್ಮ ರೊಟ್ಟಿ ನೀವೂ ತಿನ್ನಿ, ಅಳತೆಯಲ್ಲಿ."

ಆರು ತಿಂಗಳಾಯಿತು. ಹನುಮವ್ವ ಐದು ಕಿಲೋ ಇಳಿದಿದ್ದಾಳೆ, ರಕ್ತದ ರಿಪೋರ್ಟೂ ಮೊದಲಿಗಿಂತ ಚೆನ್ನಾಗಿದೆ. ಅನುಮಾನ ಮಾತ್ರ ಹಾಗೇ ಇದೆ. ಎರಡನೇ ಸ್ಕ್ಯಾನಿಗೆ ಕರೆಯಲು ಬಂದ ಮಾಲವಿಕಾಗೆ, "ಮೊದ್ಲ ಕಾಗದ ತಾ ತಂಗಿ, ಓದಿಸಿ ಕೇಳ್ತೀನಿ" ಎಂದಳು. ಓಣಿಯವರ ಭಯ ಹೋಗಿದೆ. ಊಟಕ್ಕೆ ಬಂದವರು ಗ್ಯಾಸ್ ಎಂದು ಹೊಟ್ಟೆ ಸವರಿಕೊಂಡರೆ ತಾನೇ ಬಾಯಿಬಿಟ್ಟು ಹೇಳುತ್ತಾಳೆ: "ಹೋಗಿ ಡಾಕ್ಟರಿಗೆ ತೋರಸ್ರಿ. ಲಿವರ್ ರೋಗ ಕುಡೀದಿದ್ರೂ ಬರ್ತದ. ನನಗ ಬಂದಿತ್ತು."

ಇದನ್ನು ಓದುತ್ತಿರುವ ನಿಮಗೂ ಅಷ್ಟೇ ಹೇಳುವುದು. ಸಕ್ಕರೆ ಕಾಯಿಲೆಯೋ ಹೊಟ್ಟೆ ಬೊಜ್ಜೋ ಇದ್ದರೆ ಲಿವರ್ ಪರೀಕ್ಷೆ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಸಂಶೋಧನೆಗೆ ಕರೆದರೆ ಅರ್ಥವಾಗುವ ತನಕ ಪ್ರಶ್ನೆ ಕೇಳಿ, ಒಪ್ಪಿಗೆ ಪತ್ರದ ಪ್ರತಿ ಇಸಿದುಕೊಳ್ಳಿ. ಅನುಮಾನ ಪಡುವುದು ತಪ್ಪಲ್ಲ. ಆದರೆ ಆಸ್ಪತ್ರೆಯ ಕಾಗದದ ಮೇಲೆ ಪಡುವ ಅನುಮಾನವನ್ನು ನಿಮ್ಮ ಮನೆಯ ಗೂಡಿನಲ್ಲಿರುವ ಹೆಸರಿಲ್ಲದ ಡಬ್ಬಿಯ ಮೇಲೂ ಪಡಿ. ಈಗಲೇ ಎದ್ದು ಹೋಗಿ ಅದನ್ನೊಮ್ಮೆ ತಿರುಗಿಸಿ ನೋಡಿ.